ಚಪ್ಪರಕ್ಕೆ ಒಂದು ಮೊಳ ಕಮ್ಮಿ

ಗಂಗಲಕ್ಷ್ಮಮ್ಮನಿಗೆ ಎತ್ತರ ಇರಲಿಲ್ಲ. ನಾಲ್ಕು ಅಡಿ ಹತ್ತಿಂಚು, ಅದೂ ತುರುಬು ಸೇರಿಸಿ ಅಳೆದರೆ. ಗಂಡ ವೆಂಕಟರಾಮಪ್ಪ ಆರಡಿ ದಾಟಿದವನು; ಸಾಸಲು ಹೋಬಳಿಯ ಯಾವ ಹಳೇ ಮನೆಯ ಬಾಗಿಲಲ್ಲೂ ತಲೆ ತಗ್ಗಿಸದೆ ಒಳಗೆ ಹೋಗಲಾರದವನು. ಮೂವತ್ತು ವರ್ಷದ ಹಿಂದೆ ತಮ್ಮ ಒಂದೆಕರೆಗೆ ದ್ರಾಕ್ಷಿ ಹಾಕಿದಾಗ ಕಲ್ಲುಕಂಬ ನೆಡಿಸಿ, ತಂತಿ ಎಳೆಸಿ, ಚಪ್ಪರ ಮಾಡಿಸಿದವನು ಅವನೇ. ಎತ್ತರ ಎಷ್ಟಿರಬೇಕು ಎಂದು ಕಂಬ ನೆಡುವವರು ಕೇಳಿದಾಗ ತಾನೇ ಹೋಗಿ ನೆಟ್ಟಗೆ ನಿಂತು, ತಲೆಯ ಮೇಲೆ ಅಂಗೈ ಇಟ್ಟು ತೋರಿಸಿ, "ಇದಕ್ಕಿಂತ ಮೇಲೆ ಕಣ್ರಪ್ಪ. ನನ್ನ ತೋಟದಾಗೆ ನಾನೇ ಬಗ್ಗಿ ಓಡಾಡಕ್ಕಾಗಲ್ಲ" ಅಂದಿದ್ದ. ಆರೂವರೆ ಅಡಿಗೆ ತಂತಿ ಬಂತು. ಚಪ್ಪರ ಮಾಡಿಸಿದ್ದು ಅವನು, ಅದರಡಿ ಕೆಲಸ ಮಾಡಬೇಕಾದದ್ದು ಇವಳು. ಆಗ ಇದನ್ನು ಯಾರೂ ಯೋಚಿಸಲಿಲ್ಲ. ಅವಳೂ ಯೋಚಿಸಲಿಲ್ಲ.

ದ್ರಾಕ್ಷಿ ತೋಟದ ಕೆಲಸವೆಲ್ಲ ತಲೆಯ ಮೇಲೆ. ದೀಪಾವಳಿ ಕಳೆದ ಮೇಲೆ ದೊಡ್ಡ ಕಟಿಂಗ್: ಹಳೆಯ ಕಡ್ಡಿ ಒಂದೊಂದನ್ನೂ ಹಿಡಿದು, ಚಿಗುರೊಡೆಯುವ ಕಣ್ಣು ಎಷ್ಟು ಉಳಿಸಬೇಕೆಂದು ನೋಡಿ, ಮಿಕ್ಕದ್ದನ್ನು ಕತ್ತರಿಸಬೇಕು. ಕಣ್ಣು ಜಾಸ್ತಿ ಬಿಟ್ಟರೆ ಬರೀ ಸೊಪ್ಪು, ಕಮ್ಮಿ ಬಿಟ್ಟರೆ ಗೊಂಚಲಿಲ್ಲ. ಅದಾದ ಮೇಲೆ ಚಿಗುರು ಚಿವುಟುವುದು, ಕಟ್ಟುವುದು, ಕಡೆಗೆ ಗೊಂಚಲು ಇಳಿಸುವುದು. ಎಲ್ಲದಕ್ಕೂ ಕೈ ಮೇಲೆಯೇ ಇರಬೇಕು. ಗಂಗಲಕ್ಷ್ಮಮ್ಮ ಒಂದು ಕಬ್ಬಿಣದ ಸ್ಟೂಲು ಇಟ್ಟುಕೊಂಡು, ಅದನ್ನು ಕಾಲಲ್ಲೇ ತಳ್ಳಿಕೊಂಡು ಸಾಲಿನಿಂದ ಸಾಲಿಗೆ ಹೋಗುತ್ತಿದ್ದಳು. ಕತ್ತರಿಯನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಕೂಲಿಯವರನ್ನು ಕರೆಸಿದರೆ ಮಧ್ಯಾಹ್ನದೊಳಗೆ ಜಗಳವಾಡಿ ವಾಪಸ್ಸು ಕಳಿಸುತ್ತಿದ್ದಳು. "ಇವ್ರು ಬಳ್ಳಿಗೆ ಕಟಿಂಗ್ ಮಾಡ್ತಿಲ್ಲ, ಕ್ಷೌರ ಮಾಡ್ತಾವ್ರೆ." ಗಂಡನ ಕೈಗಂತೂ ಕೊಡುವ ಮಾತೇ ಇಲ್ಲ. ವೆಂಕಟರಾಮಪ್ಪನಿಗೆ ತಂತಿ ಸಲೀಸಾಗಿ ಎಟುಕುತ್ತಿತ್ತು, ಆದರೆ ಕತ್ತರಿಸಲು ಮನಸ್ಸು ಬರುತ್ತಿರಲಿಲ್ಲ. ಇದೊಂದು ಕಣ್ಣು ಇರಲಿ, ಇದೊಂದೂ ಇರಲಿ ಎಂದು ಬಿಟ್ಟುಕೊಂಡೇ ಹೋಗುವವನು.

ಅವಳ ಅರವತ್ತಾರನೇ ವಯಸ್ಸಿನಲ್ಲಿ, ಕಟಿಂಗ್ ಶುರುವಾದ ಮಾರನೇ ದಿನ, ಸ್ಟೂಲಿನ ಒಂದು ಕಾಲು ಇಲಿ ಬಿಲದೊಳಗೆ ಇಳಿಯಿತು. ಬೀಳುತ್ತಾ ಬಲಗೈಯಲ್ಲಿ ಮೇಲಿನ ತಂತಿ ಹಿಡಿದಳು. ಇಡೀ ಮೈಭಾರ ಒಂದೇ ಭುಜಕ್ಕೆ ಜೋತುಬಿತ್ತು. ಒಳಗೆ ಏನೋ ಪರ್ರ್ ಎಂದದ್ದು ಅವಳಿಗೇ ಕೇಳಿಸಿತು. ಆಮೇಲೆ ಕೈ ಬಿಟ್ಟಳು, ಬಿದ್ದಳು, ಎದ್ದಳು, ಮೊದಲು ಕತ್ತರಿ ಎಲ್ಲಿ ಬಿತ್ತು ಎಂದು ಹುಡುಕಿದಳು.

ದೊಡ್ಡಬಳ್ಳಾಪುರದಲ್ಲಿ ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿಲ್ಲ ಅಂತ ಬಂತು. ತಪ್ಪಾದದ್ದೇ ಅಲ್ಲಿ. ಮೂಳೆ ಮುರಿದಿಲ್ಲ ಎಂದರೆ ಆ ಕಡೆಯ ಜನಕ್ಕೆ ಏನೂ ಆಗಿಲ್ಲ, ಒಂದು ಕಟ್ಟು ಹಾಕಿಸಿದರೆ ಸಾಕು ಎಂದು ಅರ್ಥ. ಅಡ್ಡ ಮಾತಾಡಿದವಳು ಸೊಸೆ ಅರ್ಪಿತ ಒಬ್ಬಳೇ. ಅವಳು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಇಡೀ ದಿನ ಅರವತ್ತು ಜನರನ್ನು ಗದರಿಸಿ ಅಭ್ಯಾಸವಿದ್ದವಳು.

"ಅತ್ತೆ, ಡಾಕ್ಟ್ರು ಸ್ಕ್ಯಾನಿಂಗ್ ಬರ್ಕೊಟ್ಟವ್ರೆ. ಒಳಗೆ ಬೇರೇನಾದ್ರೂ ಹರಿದಿರಬೋದು ಅಂದ್ರು."

"ಹರಿಯಕ್ಕೆ ಅದೇನು ನಿಮ್ಮ ಗಾರ್ಮೆಂಟ್ಸ್ ಬಟ್ಟೇನಾ? ಬೈರಣ್ಣನ ತಾವ ಹೋಗಾನ ನಡಿ."

ಬೈರಣ್ಣ ಪಕ್ಕದ ಊರಲ್ಲಿ ಕಟ್ಟು ಕಟ್ಟುವವನು. ಮಗ ಬೈರೇಶನ ಮುಂಗೈ, ಎರಡು ಮೇಕೆಗಳ ಕಾಲು, ವೆಂಕಟರಾಮಪ್ಪನ ಕಾಲ್ಬೆರಳು, ಎಲ್ಲವನ್ನೂ ಕೂಡಿಸಿದ್ದವನು. ಅವನು ಸೊಪ್ಪು ಅರೆದು, ಮೊಟ್ಟೆಯ ಬಿಳಿ ಕಲಸಿ, ಬಿದಿರು ದಬ್ಬೆ ಇಟ್ಟು, ಗಂಗಲಕ್ಷ್ಮಮ್ಮನ ಕೈಯನ್ನು ಎದೆಗೆ ಸೇರಿಸಿ ಬಿಗಿದ. "ಸಂಕ್ರಾಂತಿವರೆಗೂ ಅಲ್ಲಾಡಿಸಬೇಡ ಕಣಕ್ಕ" ಅಂದ. ಅವಳು ಅಲ್ಲಾಡಿಸಲಿಲ್ಲ.

ಆ ವರ್ಷದ ಕಟಿಂಗ್ ವೆಂಕಟರಾಮಪ್ಪನ ಕೈಗೆ ಹೋಯಿತು. ಕಟ್ಟು ಹಾಕಿಸಿಕೊಂಡ ಹೆಂಡತಿ ಅದೇ ಸ್ಟೂಲಿನ ಮೇಲೆ ಕೂತು ಕೆಳಗಿನಿಂದ ಆರ್ಡರು ಕೊಟ್ಟಳು.

"ಆ ಕಡ್ಡಿ ತೆಗೀರಿ."

"ಎಷ್ಟು ಚೆನ್ನಾಗೈತೆ ನೋಡೇ ಇದು!"

"ನೋಡಕ್ಕೆ ಚೆನ್ನಾಗೈತೆ. ತೆಗೀರಿ ಅಂದೆ."

"ಒಂದಿರ್ಲಿ ಬಿಡೇ ಅತ್ಲಾಗೆ."

"ಇರ್ಲಿ ಇರ್ಲಿ ಅಂತ ಬಡಿಸ್ಕಳಕ್ಕೆ ಅದೇನು ಮದುವೆ ಮನೆ ಊಟಾನಾ?"

ಅವಳು ಆ ಕಡೆ ತಿರುಗಿದಾಗೆಲ್ಲ ಅವನು ಒಂದೊಂದು ಉಳಿಸಿದ. ಸಂಕ್ರಾಂತಿಯ ಹೊತ್ತಿಗೆ ಚಪ್ಪರದ ಮೇಲೆ ಸೊಪ್ಪು ಪೊದೆಯಂತೆ ಮುಚ್ಚಿಕೊಂಡಿತ್ತು. ಗೊಂಚಲು ಹುಡುಕಿ ನೋಡಬೇಕಿತ್ತು. ವೆಂಕಟರಾಮಪ್ಪ ತಂತಿಯ ಕೆಳಗೆ ನೆಟ್ಟಗೆ ನಿಂತು ಅದನ್ನೆಲ್ಲ ನೋಡಿ, ತನ್ನ ತಪ್ಪಿಗೆ ತಾನೇ ತೀರ್ಪು ಕೊಟ್ಟ.

"ಮುಂದಿನ ದೀಪಾವಳಿಗೆ ಕತ್ತರಿ ಹಿಡಿಯೋರು ಇಲ್ದಿದ್ರೆ ಚಪ್ಪರ ಬಿಚ್ಚಿಸಿಬಿಡ್ತೀನಿ. ಸೇವಂತಿಗೆ ಹಾಕಾನ. ಅದು ನೆಲದ ಮೇಲೆ ಬೆಳೀತದೆ, ಯಾರ ಭುಜಾನೂ ಕೇಳಲ್ಲ. ನಿಂಗೂ ರೆಸ್ಟು."

ಅವನು ಒಳ್ಳೆಯದಕ್ಕೇ ಹೇಳಿದ್ದ. ಗಂಗಲಕ್ಷ್ಮಮ್ಮನಿಗೆ ಅದು ಬೆದರಿಕೆಯಂತೆ ಕೇಳಿಸಿತು. ಅಡಿಗೆ ಮನೆ ಸೊಸೆಯದಾಗಿತ್ತು, ಹಸುಗಳು ಮಗನ ಪಾಲಿಗೆ ಹೋಗಿದ್ದವು, ಟೀವಿ ಗಂಡನದು. ಅವಳು ಹೇಳಿದ್ದು ನಡೆಯುತ್ತಿದ್ದ ಜಾಗ ಎಂದರೆ ಆ ಚಪ್ಪರದ ಕೆಳಗಿನ ಒಂದೆಕರೆ ಮಾತ್ರ. ಬಳ್ಳಿಗಳ ಮೇಲೆ ಅವಳಿಗೆ ಪ್ರೀತಿ ಇತ್ತೋ ಇಲ್ಲವೋ, ಅಧಿಕಾರ ಇತ್ತು. ಅದನ್ನು ಬಿಡಲು ಅವಳು ತಯಾರಿರಲಿಲ್ಲ.

ಹಬ್ಬ ಮುಗಿದು ಬೈರಣ್ಣ ಕಟ್ಟು ಬಿಚ್ಚಿದ. "ಎತ್ತು ನೋಡಾನ" ಅಂದ. ಎತ್ತಲು ಹೋದಳು. ಭುಜ ಕಿವಿಯವರೆಗೆ ಏರಿತು, ಕೈ ಮಾತ್ರ ಸೊಂಟದ ಪಕ್ಕದಲ್ಲೇ ಉಳಿಯಿತು. ಎಡಗೈಯಲ್ಲಿ ಬಲಗೈ ಹಿಡಿದು ಮೇಲೆತ್ತಿ ಬಿಟ್ಟಳು, ದಪ್ಪನೆ ಬಿತ್ತು. ಬೈರಣ್ಣ ಮೂರು ಸಲ ನೋಡಿ, ಮೀಸೆ ಎಳೆದುಕೊಂಡು, "ಇದು ನನ್ನ ಬಾಬತ್ತು ಅಲ್ಲ ಕಣಕ್ಕ. ಮೂಳೆ ಆಗಿದ್ರೆ ಇಷ್ಟೊತ್ತಿಗೆ ನನ್ನ ಮಾತು ಕೇಳ್ತಿತ್ತು" ಅಂದ. ಅಷ್ಟು ಹೇಳಿದ್ದಕ್ಕೆ ಅವನನ್ನು ಮೆಚ್ಚಬೇಕು. ಕಟ್ಟುವ ಮೊದಲೇ ಹೇಳಿದ್ದರೆ ಇನ್ನೂ ಮೆಚ್ಚಬಹುದಿತ್ತು.

ಸ್ಕ್ಯಾನಿಂಗ್ ಆಯಿತು. ಅರ್ಪಿತ ರಜೆ ಹಾಕಿ, ಅತ್ತೆ ಮಾವ ಇಬ್ಬರನ್ನೂ ಯಲಹಂಕದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಭುಜದ ಡಾಕ್ಟರು ಸ್ನೇಹ ಎಂಬುವರು. ಮೂವತ್ತೈದು ವಯಸ್ಸಿರಬಹುದು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿ ಎಂದು ಗೊತ್ತಾದ ಕೂಡಲೇ ವೆಂಕಟರಾಮಪ್ಪ ಯಾರ ಮಗಳು, ಯಾವ ಬೀದಿ, ಮನೇಲಿ ಎಷ್ಟು ಮಗ್ಗ ಎಂದು ಶುರು ಮಾಡಿದ. ಅವರು ಎಲ್ಲಕ್ಕೂ ಉತ್ತರ ಕೊಟ್ಟು, ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು.

"ಅಮ್ಮ, ಭುಜದ ಕೀಲನ್ನ ಸುತ್ತ ಹಿಡ್ಕೊಂಡಿರೋ ಪಟ್ಟಿಗಳು ಇರ್ತವೆ. ಸ್ನಾಯುವಿನ ತುದಿಗಳು. ಕೈ ಎತ್ತೋವಾಗ ತೋಳಿನ ಮೂಳೆ ಗುಂಡು ಜಾರದಂಗೆ ಹಿಡಿಯೋದು ಅವೇ. ನಿಮಗೆ ಅದ್ರಲ್ಲಿ ಎರಡು ಪೂರ್ತಿ ಹರಿದಿವೆ."

"ಸ್ಟೂಲಿಂದ ಬಿದ್ದಾಗಲಾ?"

"ಕೊನೇ ಪೆಟ್ಟು ಅದು. ಎಷ್ಟೋ ವರ್ಷದಿಂದ ಸವೀತಾ ಬಂದಿದೆ. ಕೈ ಮೇಲೆತ್ತೋ ಕೆಲಸ ಏನು ಮಾಡ್ತಿದ್ರಿ?"

ಗಂಗಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ವೆಂಕಟರಾಮಪ್ಪ ಫ್ಯಾನು ನೋಡಿದ.

"ಹೊಲಿದು ಕಳಿಸ್ರಮ್ಮ ಹಂಗಾರೆ" ಅಂದ.

"ಬಿದ್ದ ವಾರದಲ್ಲೇ ಬಂದಿದ್ರೆ ಹೊಲಿಯೋಕೆ ನೋಡ್ಬೋದಿತ್ತು. ಈಗ ಹರಿದ ತುದಿ ಒಳಗೆ ಸರಿದುಹೋಗಿದೆ, ಸ್ನಾಯು ಸೊರಗಿ ಕೊಬ್ಬು ತುಂಬ್ಕೊಂಡಿದೆ. ಜಾಳುಜಾಳಾದ ಬಟ್ಟೆಗೆ ಹೊಲಿಗೆ ಹಾಕಿದ್ರೆ ಏನಾಗುತ್ತೆ? ಸೂಜಿ ಚುಚ್ಚಿದ ಕಡೆಯೆಲ್ಲ ಕಿತ್ಕೊಂಡು ಬರುತ್ತೆ."

ಅರ್ಪಿತ ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಗಾರ್ಮೆಂಟ್ಸ್ ಬಟ್ಟೆ" ಅಂದಳು.

"ಬಾಯಿ ಮುಚ್ಚೇ."

ಡಾಕ್ಟರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಭುಜವನ್ನು ಮುಂದಕ್ಕೆ ಎಳೆದುಕೊಂಡರು. ದಾರಿ ಒಂದೇ ಅಲ್ಲ ಎಂದರು. ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ, ಒಳಗಿನ ಹರುಕು ಮುರುಕನ್ನೆಲ್ಲ ಸ್ವಚ್ಛ ಮಾಡಬಹುದು. ನೋವು ಎಷ್ಟೋ ಇಳಿಯುತ್ತದೆ, ಆದರೆ ಕೈ ಏಳುವುದು ಗ್ಯಾರಂಟಿ ಇಲ್ಲ. ಎಷ್ಟು ಎಟುಕುತ್ತದೋ ಅಷ್ಟನ್ನು ಮಾತ್ರ ಹೊಲಿಯುವುದೂ ಉಂಟು. ಮೂಳೆಗಳ ನಡುವೆ ಒಂದು ಬಲೂನು ಕೂರಿಸುವುದೂ ಉಂಟು.

"ಬಲೂನಾ!" ವೆಂಕಟರಾಮಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಊದೋ ಬಲೂನಾ?"

"ನೀರು ತುಂಬೋದು ಯಜಮಾನ್ರೇ. ದಿಂಬಿನ ತರ ಗುಂಡನ್ನ ಕೆಳಗೆ ಒತ್ತಿ ಹಿಡಿಯುತ್ತೆ. ಹೋಗ್ತಾ ಹೋಗ್ತಾ ತಾನೇ ಕರಗುತ್ತೆ."

"ಕರಗಿದ ಮೇಲೆ?"

"ಕೆಲವರಿಗೆ ಅಷ್ಟರಲ್ಲಿ ಬೇರೆ ಸ್ನಾಯುಗಳು ಕೆಲಸ ಕಲ್ತಿರ್ತವೆ. ಕೆಲವರಿಗೆ ಇಲ್ಲ."

"ಬ್ಯಾಡ. ಕರಗೋದು ಬ್ಯಾಡ" ಅಂದಳು ಗಂಗಲಕ್ಷ್ಮಮ್ಮ.

ಆಮೇಲೆ ತೇಪೆ. ತೊಡೆಯಿಂದಲೋ ಬೇರೆ ಕಡೆಯಿಂದಲೋ ಒಂದು ಪಟ್ಟಿ ತಂದು ಹರಿದ ಜಾಗಕ್ಕೆ ಹಾಕುವುದು. ಆಮೇಲೆ ಇನ್ನೊಂದು: ಬೆನ್ನಿನ ಒಂದು ಸ್ನಾಯುವಿನ ತುದಿ ಬಿಡಿಸಿ ತಂದು ಭುಜಕ್ಕೆ ಕಟ್ಟುವುದು.

"ಅಂದ್ರೆ ಗೊಬ್ಬರ ಹೊರೋ ಆಳನ್ನ ಕರ್ಕಂಬಂದು ಹಾಲು ಕರಿಯಕ್ಕೆ ಕೂರ್ಸೋದು" ಎಂದ ವೆಂಕಟರಾಮಪ್ಪ.

ಡಾಕ್ಟರು ನಕ್ಕರು. "ಹೆಚ್ಚುಕಮ್ಮಿ ಹಾಗೇ. ಆ ಆಳು ಹೊಸ ಕೆಲಸ ಕಲೀಬೇಕು. ವಯಸ್ಸು ಕಮ್ಮಿ ಇರೋರಿಗೆ, ಕೀಲು ಚೆನ್ನಾಗಿರೋರಿಗೆ ಅದು ವಾಸಿ. ಅಮ್ಮಂಗೆ ಕೀಲೂ ಸವೆದಿದೆ. ಅದಕ್ಕೇ ನಾನಾದ್ರೆ ಕೊನೇದನ್ನ ಹೇಳ್ತೀನಿ." ಪ್ಲಾಸ್ಟಿಕ್ ಭುಜದ ಗುಂಡನ್ನು ಕಳಚಿ ಕೈಯಲ್ಲಿ ಹಿಡಿದರು. "ದೇವರು ತೋಳಿನ ಕಡೆ ಗುಂಡು ಇಟ್ಟ, ಹೆಗಲಿನ ಕಡೆ ಬಟ್ಟಲು ಇಟ್ಟ. ನಾವು ಕೀಲು ಬದಲಾಯಿಸಿ ಉಲ್ಟಾ ಇಡ್ತೀವಿ. ಗುಂಡು ಹೆಗಲಿಗೆ, ಬಟ್ಟಲು ತೋಳಿಗೆ. ಹಂಗೆ ಮಾಡಿದ್ರೆ ಹರಿದುಹೋದ ಪಟ್ಟಿಗಳನ್ನ ಕಾಯೋದೇ ಬೇಡ, ಮೇಲಿರೋ ಈ ದೊಡ್ಡ ಸ್ನಾಯು ಒಂದೇ ಕೈ ಎತ್ತುತ್ತೆ."

ವೆಂಕಟರಾಮಪ್ಪ ಆ ಗುಂಡನ್ನು ಇಸಕೊಂಡು ಬಟ್ಟಲಲ್ಲಿ ಎರಡು ಸಲ ತಿರುಗಿಸಿ ನೋಡಿದ. "ದೇವರಿಗಿಂತ ಇವ್ರೇ ವಾಸಿ" ಅಂದ.

"ಇಲ್ಲ ಯಜಮಾನ್ರೇ, ಇದಕ್ಕೂ ಕಷ್ಟ ಇದೆ. ಕೀವಾಗ್ಬೋದು, ಕೀಲು ಜಾರ್ಬೋದು. ಅಪರೂಪ, ಆದ್ರೂ ಹೇಳ್ಬೇಕು. ಭಾರ ಎತ್ತಂಗಿಲ್ಲ. ಬೆನ್ನ ಹಿಂದೆ ಕೈ ಹೋಗೋದು ಕಮ್ಮಿ ಆಗುತ್ತೆ. ಏನೂ ಮಾಡದೆ ಬರೀ ವ್ಯಾಯಾಮದಲ್ಲೇ ಇರೋರೂ ಇದ್ದಾರೆ." ಗಂಗಲಕ್ಷ್ಮಮ್ಮನ ಕಡೆ ತಿರುಗಿದರು. "ನೀವು ಹೇಳಿ. ಈ ಕೈ ಯಾವುದಕ್ಕೆ ಬೇಕು ನಿಮಗೆ?"

"ಊಟ ಮಾಡಕ್ಕೆ, ತಲೆ ಬಾಚ್ಕಳಕ್ಕೆ" ಎಂದ ವೆಂಕಟರಾಮಪ್ಪ.

"ಅವರನ್ನ ಕೇಳಿದ್ದು."

"ಕಟಿಂಗ್‌ಗೆ" ಅಂದಳು ಗಂಗಲಕ್ಷ್ಮಮ್ಮ. ದ್ರಾಕ್ಷಿ ಎಂದಳು, ಚಪ್ಪರ ಎಂದಳು, ಮುಂದಿನ ದೀಪಾವಳಿಯ ಗಡುವನ್ನೂ ಹೇಳಿದಳು. ಚಪ್ಪರ ಎಷ್ಟೆತ್ತರ ಎಂದು ಡಾಕ್ಟರು ಕೇಳಿದಾಗ ವೆಂಕಟರಾಮಪ್ಪ ಎದ್ದು ನಿಂತು ತಲೆಯ ಮೇಲೆ ಅಂಗೈ ಇಟ್ಟು, "ಇದಕ್ಕಿಂತ ಮೇಲೆ" ಎಂದು ತೋರಿಸಿದ.

ಡಾಕ್ಟರು ಅವನನ್ನು ಕೆಳಗಿಂದ ಮೇಲಕ್ಕೆ ನೋಡಿದರು. ಆಮೇಲೆ ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು; ಅದಕ್ಕೆ ಹೊತ್ತು ಹಿಡಿಯಲಿಲ್ಲ.

"ಅಮ್ಮ, ಅಷ್ಟೆತ್ತರಕ್ಕೆ ದಿನವೆಲ್ಲ ಕೈ ಎತ್ತಿ ಕೆಲಸ ಮಾಡಿಸೋ ಆಪರೇಷನ್ ನನ್ನ ಹತ್ರ ಇಲ್ಲ. ಸುಳ್ಳು ಹೇಳಲ್ಲ."

"ಮುಗೀತಲ್ಲ" ಎಂದ ವೆಂಕಟರಾಮಪ್ಪ. "ಸೇವಂತಿಗೆ."

"ನೀವು ಸುಮ್ನಿರ್ರಿ. ಎಷ್ಟೆತ್ತರಕ್ಕೆ ಬರ್ತದೆ ಡಾಕ್ಟ್ರಮ್ಮ? ಗೋಡೆ ಮೇಲೆ ತೋರ್ಸಿ."

ಅವಳನ್ನು ಗೋಡೆಗೆ ನಿಲ್ಲಿಸಿ, ಬಲಗೈಯನ್ನು ತಾವೇ ಮೆಲ್ಲಗೆ ಎತ್ತಿ ಹಿಡಿದು, ಡಾಕ್ಟರು ಒಂದು ತುಂಡು ಪ್ಲಾಸ್ಟರ್ ಅಂಟಿಸಿದರು. ಅವಳ ನೆತ್ತಿಗಿಂತ ಒಂದು ನಾಲ್ಕು ಬೆರಳು ಮೇಲೆ. "ಇಲ್ಲಿ ಆರಾಮಾಗಿ ಕೆಲಸ ಮಾಡ್ಬೋದು ಅನ್ನೋದು ನನ್ನ ಅಂದಾಜು. ಅದೂ ಹೊತ್ತಿಗಿಷ್ಟು ಅಂತ ಬಿಟ್ಟು ಬಿಟ್ಟು. ಬರೆದುಕೊಡು ಅಂದ್ರೆ ಆಗಲ್ಲ."

"ಅರ್ಧ ದಿನ?"

"ಎರಡು ಗಂಟೆ."

"ಮೂರು."

"ಅಮ್ಮ, ಇದು ಸಂತೆ ಅಲ್ಲ."

ಗಂಗಲಕ್ಷ್ಮಮ್ಮ ಮೇಜಿನ ಮೇಲಿದ್ದ ಬ್ಯಾಂಡೇಜ್ ಬಟ್ಟೆಯ ಸುರುಳಿ ಕೇಳಿ ಇಸಕೊಂಡಳು. ಸೊಸೆಯ ಕೈಲಿ ನೆಲದಿಂದ ಆ ಪ್ಲಾಸ್ಟರಿನವರೆಗೆ ಅಳೆಸಿ, ಕತ್ತರಿಸಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೇಳಿ ಕಳಿಸ್ತೀನಿ ಎಂದು ಹೊರಟಳು.

ಮನೆಗೆ ಬಂದವಳು ಸೀರೆ ಬದಲಾಯಿಸದೆ ತೋಟಕ್ಕೆ ಹೋದಳು. ಗಂಡನನ್ನೂ ಕರೆದಳು, ಮೇಲೆ ಎಟುಕುವವನು ಅವನೇ ಆದ್ದರಿಂದ. "ಈ ಬಟ್ಟೆಯ ತುದಿ ತಂತಿಗೆ ಹಿಡೀರಿ" ಅಂದಳು. ಅವನು ಹಿಡಿದ. ಬ್ಯಾಂಡೇಜ್ ಬಟ್ಟೆ ಇಳಿಬಿತ್ತು. ಕೆಳಗಿನ ತುದಿ ನೆಲ ಮುಟ್ಟಲಿಲ್ಲ. ಒಂದು ಮೊಳ ಮೇಲೆ ಗಾಳಿಯಲ್ಲಿ ಆಡುತ್ತಿತ್ತು.

"ಒಂದು ಮೊಳ ಕಮ್ಮಿ" ಎಂದ ವೆಂಕಟರಾಮಪ್ಪ. "ತಂತಿ ಇಳಿಸಕ್ಕೆ ಆಗಲ್ಲ. ಬಳ್ಳಿ ಬುಡ ನೋಡು, ನನ್ನ ತೊಡೆ ದಪ್ಪ ಅವೆ. ಬಗ್ಗಿಸಿದ್ರೆ ಲಟಕ್ಕಂತವೆ."

"ಸ್ಟೂಲು?" ಎಂದಳು ಹಿಂದೆಯೇ ಬಂದಿದ್ದ ಅರ್ಪಿತ, ಉತ್ತರ ಗೊತ್ತಿದ್ದೇ.

ಇಬ್ಬರೂ ಅವಳನ್ನು ನೋಡಿದರು.

ಗಂಗಲಕ್ಷ್ಮಮ್ಮ ಆ ತೂಗುವ ತುದಿಯನ್ನೇ ನೋಡುತ್ತಾ ನಿಂತಳು. ಆಸ್ಪತ್ರೆಯಲ್ಲಿ ನೆಲದಿಂದ ಮೇಲಕ್ಕೆ ಅಳೆದಿದ್ದರು. ಇಲ್ಲಿ ಗಂಡ ಎತ್ತರ ಇದ್ದದ್ದಕ್ಕೆ ಮೇಲಿನಿಂದ ಕೆಳಕ್ಕೆ ಹಿಡಿದಿದ್ದ. ಹಾಗೆ ಹಿಡಿದಾಗ ಕೊರತೆ ತಂತಿಯ ಹತ್ತಿರ ಇರಲಿಲ್ಲ, ಕಾಲಿನ ಹತ್ತಿರ ಇತ್ತು.

"ತಂತಿ ಇಳೀಬೇಡ" ಅಂದಳು. "ನೆಲ ಏರ್ಲಿ. ಕೆರೆ ಗೋಡು ಹೊಡೆಸ್ರಿ."

ಕೆರೆ ಒಣಗಿದಾಗ ಅದರ ಹೂಳನ್ನು ತೋಟಕ್ಕೆ ಹೊಡೆಯುವುದು ಊರಲ್ಲಿ ಎಲ್ಲರೂ ಮಾಡುವ ಕೆಲಸ. ಒಂದು ಗೇಣು ಹರಡುತ್ತಾರೆ, ಮಣ್ಣಿಗೆ ಬಲ ಬರಲಿ ಎಂದು. ಸಾಲುಗಳ ನಡುವೆ ಒಂದು ಮೊಳ ದಪ್ಪ, ನಡೆಯುವ ಬದುವಿನ ಹಾಗೆ ಏರಿಸಿದವರು ಯಾರೂ ಇಲ್ಲ.

"ಏರಿಸಿದ್ರೆ ನಾನು ಹೆಂಗೆ ಓಡಾಡ್ಲಿ?" ಎಂದ ವೆಂಕಟರಾಮಪ್ಪ. ಅವನಿಗೆ ಹೊಳೆದ ಮೊದಲನೇ ಮಾತು ಅದು.

"ಬಗ್ಗಿ."

"ನನ್ನ ತೋಟದಾಗೆ?"

"ಮೂವತ್ತು ವರ್ಷ ನಾನು ತುದಿಗಾಲಲ್ಲಿ ನಿಂತಿಲ್ವಾ? ಗೋಡು ಹೊಡೆಸ್ತೀನಿ ಅಂತ ಮಾತು ಕೊಡ್ರಿ, ಆಪರೇಷನ್ ಮಾಡಿಸ್ಕಂತೀನಿ. ಇಲ್ದಿದ್ರೆ ಈ ಕೈ ಹಿಂಗೇ ಇರ್ಲಿ, ನೀವೇ ನನ್ನ ತಲೆ ಬಾಚ್ರಿ."

ವೆಂಕಟರಾಮಪ್ಪ ಬ್ಯಾಂಡೇಜ್ ಬಟ್ಟೆಯನ್ನು ತಂತಿಗೇ ಗಂಟು ಹಾಕಿ ಮನೆ ಕಡೆ ನಡೆದ. ಸಂಜೆ ಕಾಫಿ ಕುಡಿಯುವಾಗ, ಯಾರೂ ಕೇಳದಿದ್ದರೂ, "ಕೆರೆ ಇನ್ನೂ ಒಣಗಬೇಕು. ಯುಗಾದಿ ಆಗ್ಲಿ" ಅಂದ. ಅವನ ಮಾತು ಕೊಡುವ ರೀತಿ ಅದು.

ಫೆಬ್ರವರಿಯಲ್ಲಿ ಕೀಲು ಉಲ್ಟಾ ಇಡುವ ಆಪರೇಷನ್ ಆಯಿತು. ಹಿಂದಿನ ದಿನ ರೌಂಡ್ಸಿಗೆ ಬಂದ ಡಾಕ್ಟರನ್ನು ಗಂಗಲಕ್ಷ್ಮಮ್ಮ ಕೇಳಿದಳು: "ತೆಗೆದ ಮೂಳೆ ಮನೇಗೆ ಕೊಡ್ತೀರಾ?"

"ಯಾಕಮ್ಮ?"

"ಬಳ್ಳಿ ಬುಡಕ್ಕೆ. ಮೂಳೆ ಗೊಬ್ಬರ ದ್ರಾಕ್ಷಿಗೆ ಒಳ್ಳೇದು. ದುಡ್ಡು ಕೊಟ್ಟು ತರ್ತೀವಿ, ಸ್ವಂತದ್ದು ಯಾಕೆ ಬಿಡಾನ?"

ಪಕ್ಕದ ಮಂಚದ ಹೆಂಗಸು ನಗಲು ಹೋಗಿ ತನ್ನ ಹೊಲಿಗೆ ಹಿಡಿದುಕೊಂಡಳು. ಹಾಗೆ ಕೊಡುವ ನಿಯಮ ಇಲ್ಲ ಎಂದು ಡಾಕ್ಟರು ಹೇಳಿದರು, ಹೇಳುವಾಗ ಅವರ ಮುಖ ಗಂಭೀರವಾಗಿರಲಿಲ್ಲ.

ಮಾರನೇ ದಿನ ಎಚ್ಚರವಾದಾಗ ಬಲಗೈಗೆ ಜೀವವೇ ಇರಲಿಲ್ಲ. ಮರಗಟ್ಟಿಸುವ ಸೂಜಿಯ ಅಮಲು ಇನ್ನೂ ಇಳಿದಿರಲಿಲ್ಲ. ಎಡಗೈಯಿಂದ ಮುಟ್ಟಿ ನೋಡಿ, "ಇದ್ಯಾರದೇ ಕೈ, ನನ್ನ ಹಾಸಿಗೇಲಿ?" ಎಂದು ಅರ್ಪಿತಳನ್ನು ಕೇಳಿದಳು. ಸಂಜೆ ಅದು ತನ್ನದೇ ಎಂದು ಚೆನ್ನಾಗಿ ಗೊತ್ತಾಯಿತು. ಎರಡು ದಿನ ಅಳುವುದು ಬೈಯುವುದು ಎರಡೂ ಒಟ್ಟಿಗೆ ನಡೆಯಿತು.

ಜೋಳಿಗೆಯಲ್ಲಿ ಕೈ ಇಟ್ಟುಕೊಂಡು ಯುಗಾದಿ ಕಳೆದಳು. ಆಮೇಲೆ ವ್ಯಾಯಾಮ. ಹಳೇ ಬಾವಿಯ ರಾಟೆಯನ್ನು ಬೈರೇಶ ಹಜಾರದ ತೊಲೆಗೆ ನೇತುಹಾಕಿದ; ಎಡಗೈಯಲ್ಲಿ ಹಗ್ಗ ಎಳೆದರೆ ಬಲಗೈ ಮೇಲೇಳಬೇಕು. ಗಾರ್ಮೆಂಟ್ಸಿನಿಂದ ಬಂದ ಅರ್ಪಿತ ಬ್ಯಾಗು ಕೂಡ ಇಡದೆ ಎದುರು ನಿಲ್ಲುತ್ತಿದ್ದಳು.

"ಇನ್ನೂ ಮೇಲೆ ಅತ್ತೆ."

"ಆಗಲ್ಲ ಕಣೇ."

"ಆಗಲ್ಲ ಅನ್ನೋರಿಗೆ ನಮ್ಮ ಲೈನಲ್ಲಿ ಓವರ್‌ಟೈಮ್ ಕೊಡ್ತೀವಿ."

"ನಿನ್ನ ಲೈನಿಗೆ ಬೆಂಕಿ ಬೀಳ" ಎನ್ನುತ್ತಾ ಗಂಗಲಕ್ಷ್ಮಮ್ಮ ಎಳೆಯುತ್ತಿದ್ದಳು. ಮೇ ತಿಂಗಳಲ್ಲಿ ಕೈ ಬಾಯಿಗೆ ಸಲೀಸಾಗಿ ಬಂತು, ಜೂನಿನಲ್ಲಿ ಹಣೆಗೆ. ಬೆನ್ನ ಹಿಂದೆ ಮಾತ್ರ ಹೋಗಲಿಲ್ಲ. ಬೆನ್ನ ಮೇಲಿನ ಸೆರಗು ಸರಿಮಾಡಲು ಸೊಸೆಯನ್ನು ಕರೆಯಬೇಕಾಯಿತು, ಕರೆದಳು.

ಗೋಡಿನ ಕೆಲಸ ಏಪ್ರಿಲಿನಲ್ಲಿ ಶುರುವಾಗಿತ್ತು. ವೆಂಕಟರಾಮಪ್ಪ ಮಿನಿ ಟ್ರ್ಯಾಕ್ಟರು ಗೊತ್ತು ಮಾಡಿ, ತೋಟದ ಮೂಡಲ ಕಡೆಯಿಂದ ಹೊಡೆಸುತ್ತಾ ಬಂದ. ಬುಡ ಮುಚ್ಚದ ಹಾಗೆ ಬಿಟ್ಟು, ಸಾಲಿನ ನಡುವೆ ಮಾತ್ರ ಏರಿ. ಊರವರು ನೋಡಲು ಬಂದರು. ಏನಣ್ಣ, ಚಪ್ಪರದಡಿ ರೋಡು ಮಾಡಿಸ್ತಿದ್ದೀಯಾ ಎಂದು ಕೇಳಿದರು. "ಹೆಂಡ್ತಿಗೆ ಸ್ಟೇಜು" ಎಂದ. ಟ್ರ್ಯಾಕ್ಟರಿನವನು ರಿವರ್ಸಿನಲ್ಲಿ ಒಂದು ಕಂಬ ಉರುಳಿಸಿದ, ಅದನ್ನು ಬೈಯುತ್ತಿರುವಾಗಲೇ ಇನ್ನೊಂದನ್ನೂ ಉರುಳಿಸಿದ.

ಮಧ್ಯದ ಸಾಲಿಗೆ ಬರುವಷ್ಟರಲ್ಲಿ ಮಳೆ ಬಂತು. ಸಾಮಾನ್ಯ ಮಳೆಯಲ್ಲ. ಎರಡು ಸಂಜೆಯಲ್ಲಿ ಕೆರೆ ತುಂಬಿ ಕೋಡಿಯ ಹತ್ತಿರ ಬಂತು. ಎಷ್ಟೋ ವರ್ಷದ ಮೇಲೆ ಹಾಗೆ ತುಂಬಿದ್ದು. ಊರೆಲ್ಲ ಕೆರೆ ಏರಿಯ ಮೇಲೆ ನಿಂತು ನೋಡಿತು, ಹೆಂಗಸರು ಅರಿಶಿನ ಕುಂಕುಮ ಬಿಟ್ಟರು, ಹುಡುಗರು ಮೊಬೈಲಿನಲ್ಲಿ ವೀಡಿಯೊ ಮಾಡಿದರು. ಏರಿಯ ಮೇಲೆ ನಿಂತು ಮಳೆಯನ್ನು ಬೈದವಳು ಗಂಗಲಕ್ಷ್ಮಮ್ಮ ಒಬ್ಬಳೇ. "ಹದಿನೈದು ದಿನ ತಡೆಯಕ್ಕಾಗ್ತಿರಲಿಲ್ವಾ ಇದಕ್ಕೆ!"

ಗೋಡು ನೀರಿನ ಕೆಳಗೆ ಹೋಯಿತು. ತೋಟ ಅರ್ಧ ಏರಿತ್ತು, ಅರ್ಧ ಹಾಗೇ ಇತ್ತು.

ಅವತ್ತು ಊಟದ ಹೊತ್ತಿಗೆ ವೆಂಕಟರಾಮಪ್ಪ ಮಾತು ತೆಗೆದ. "ಏರಿಸಿದ್ದು ನಿಂದು. ಪಡುವಲ ಕಡೇದು ನಂಗೆ ಬಿಡು, ಬಳ್ಳಿ ತೆಗೆಸಿ ಸೇವಂತಿಗೆ ಹಾಕ್ತೀನಿ. ನಿನ್ನ ಕೈಗೆ ಡಾಕ್ಟ್ರಮ್ಮ ಕೊಟ್ಟಿರೋದೇ ಎರಡು ಗಂಟೆ. ಪೂರ್ತಿ ತೋಟ ಆ ಕೈಲಿ ಆಗಲ್ಲ, ನಂಗೂ ಗೊತ್ತು, ನಿಂಗೂ ಗೊತ್ತು."

ಅವಳು ಜಗಳಕ್ಕೆ ಬಾಯಿ ತೆಗೆದಳು. ಸಿಕ್ಕಿದ ಮಾತೆಲ್ಲ ಆಡಿದಳು: ಅವನ ಎತ್ತರ, ಅವನ ಕತ್ತರಿ, ಅವರಮ್ಮ. ಅನ್ನ ತಣ್ಣಗಾಯಿತು. ಆದರೆ ಒಳಗೊಳಗೇ ಲೆಕ್ಕ ಹಾಕಿದಳು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಕದ್ದುಕೊಂಡರೂ, ಕಟಿಂಗ್ ಮುಗಿಯಬೇಕಾದ ಹೊತ್ತಿಗೆ ಅರ್ಧ ತೋಟಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಅವನು ಹೇಳಿದ್ದು ಸರಿ ಇತ್ತು. ಅದು ಅವಳಿಗೆ ಇನ್ನೂ ಸಿಟ್ಟು ತರಿಸಿತು.

"ತೆಗೀರಿ" ಅಂದಳು. "ನಾನು ನೋಡಲ್ಲ."

ಆಗಸ್ಟಿನಲ್ಲಿ ಪಡುವಲ ಕಡೆಯ ಬಳ್ಳಿಗಳನ್ನು ಬುಡಕ್ಕೇ ಕೊಯ್ಸಿದರು. ಅವಳು ಬಂದು ನೋಡಿದಳು. ಕೊಯ್ಯುವವರಿಗೆ ಗರಗಸ ಹಿಡಿಯುವ ಬಗೆಯನ್ನೂ ಹೇಳಿಕೊಟ್ಟಳು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ಬೆಳಗಿನ ಮಂಜು ಕರಗುವ ಮೊದಲೇ, ಗಂಗಲಕ್ಷ್ಮಮ್ಮ ಕತ್ತರಿ ಹಿಡಿದು ಗೋಡಿನ ಏರಿ ಹತ್ತಿದಳು. ಅರ್ಪಿತ ಹಿಂದೆ ಇದ್ದಳು, ಬಿದ್ದರೆ ಹಿಡಿಯಲು ಎಂದು. ಅತ್ತೆ ಬಲಗೈ ಎತ್ತಿದಳು. ಮೊದಲು ಮೊಣಕೈ ಬಂತು, ಆಮೇಲೆ ಮುಂಗೈ, ಆಮೇಲೆ ಬೆರಳು ಕಡ್ಡಿಯನ್ನು ಮುಟ್ಟಿದವು. ಹಿಮ್ಮಡಿ ನೆಲದ ಮೇಲೇ ಇತ್ತು. ಮೂವತ್ತು ವರ್ಷದಲ್ಲಿ ಆ ಚಪ್ಪರವನ್ನು ಅವಳು ಪೂರ್ತಿ ಪಾದ ಊರಿ ನಿಂತು ಮುಟ್ಟಿದ್ದು ಅದೇ ಮೊದಲು.

ಕಣ್ಣು ಎಣಿಸಿದಳು. ಕಚಕ್ಕನೆ ಕತ್ತರಿಸಿದಳು. ಕಡ್ಡಿ ಕಾಲಿನ ಹತ್ತಿರ ಬಿತ್ತು.

"ಎಷ್ಟು ಬಿಟ್ರಿ?" ಎಂದಳು ಅರ್ಪಿತ.

"ಬಂದು ನೋಡು. ಸುಮ್ನೆ ನಿಂತ್ಕಂಡು ಸೂಪರ್‌ವೈಸರ್ ಕೆಲಸ ಮಾಡಬ್ಯಾಡ. ಹೊತ್ತು ಮೀರಿದ ಮೇಲೆ ಈ ಸಾಲು ನಿಂದೇ."

ಅಷ್ಟರಲ್ಲಿ ಆ ಕಡೆಯಿಂದ ಕಾಫಿ ಫ್ಲಾಸ್ಕು ಹಿಡಿದುಕೊಂಡು ವೆಂಕಟರಾಮಪ್ಪ ಬಂದ. ಹೊಸ ಏರಿಯ ಮೇಲೆ ಅವನು ನಡೆದದ್ದು ಕಮ್ಮಿ. ನಾಲ್ಕು ಹೆಜ್ಜೆ ಬಗ್ಗಿಯೇ ಬಂದ, ಐದನೆಯದಕ್ಕೆ ಅಭ್ಯಾಸಬಲದಿಂದ ನೆಟ್ಟಗಾದ. ತಂತಿ ಹಣೆಗೆ ಠಣ್ ಎಂದಿತು. ಇಡೀ ಸಾಲು ಅಲ್ಲಾಡಿ, ಮೇಲಿದ್ದ ಇಬ್ಬನಿಯೆಲ್ಲ ಮೂವರ ಮೇಲೂ ಸುರಿಯಿತು.

"ಅಯ್ಯಯ್ಯೋ, ಇದ್ಯಾವ ನನ್ಮಗ ಇಲ್ಲಿ ಎಳೆದ ತಂತೀನ!"

"ನೀವೇ ಎಳೆಸಿದ್ದು" ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹೇಳಿದರು. ಗಂಗಲಕ್ಷ್ಮಮ್ಮನಿಗೆ ನಗು ತಡೆಯಲಾಗಲಿಲ್ಲ. ಕತ್ತರಿಯನ್ನು ಎಡಗೈಗೆ ಹಾಕಿಕೊಂಡು, ಕಂಬಕ್ಕೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವನು ಹಣೆ ಉಜ್ಜಿಕೊಳ್ಳುತ್ತಾ ಏರಿಯ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಕಾಫಿ ಬಗ್ಗಿಸಿದ.

ಹೊತ್ತು ಏರಿದಾಗ ಭುಜ ಭಾರವಾಯಿತು. ಹಳೇ ಗಂಗಲಕ್ಷ್ಮಮ್ಮ ಆಗಿದ್ದರೆ ಇನ್ನೊಂದು ಸಾಲು ಎನ್ನುತ್ತಿದ್ದಳು. ಇವಳೂ ಎಂದಳು. ಅರ್ಪಿತ ಕತ್ತರಿ ಕಿತ್ತುಕೊಂಡಳು.

ಕಟಿಂಗ್ ಎರಡು ವಾರ ಎಳೆಯಿತು. ಮಾಘದಲ್ಲಿ ಅರ್ಧ ತೋಟದ ಚಪ್ಪರದಿಂದ ಗೊಂಚಲುಗಳು ಒತ್ತೊತ್ತಾಗಿ ಇಳಿಬಿದ್ದವು. ಎಷ್ಟು ಕೆಳಕ್ಕೆಂದರೆ, ಗಂಗಲಕ್ಷ್ಮಮ್ಮನ ಕೆನ್ನೆಗೆ ತಗುಲುತ್ತಿದ್ದವು, ವೆಂಕಟರಾಮಪ್ಪನ ಎದೆಗೆ. ಅವನು ಆ ಕಡೆ ಬರುವುದನ್ನು ಬಿಟ್ಟು ಸೇವಂತಿಗೆ ನೋಡಿಕೊಂಡಿದ್ದ.

ಹೋದದ್ದು ಇಷ್ಟು: ನೂರ ಮೂವತ್ತೆಂಟು ಬಳ್ಳಿ, ಎರಡು ಕಲ್ಲುಕಂಬ, ಒಂದು ವರ್ಷದ ಫಸಲು.